ಓಬವ್ವನ ಮರುವರ್ಷ ಮಾಧವಿ

ಚಿತ್ರದುರ್ಗದ ಕೋಟೆ ಹತ್ತಿದವರು ಓಬವ್ವನ ಕಿಂಡಿ ನೋಡದೆ ಇಳಿಯುವುದಿಲ್ಲ. ಅಲ್ಲಿ ನಿಂತ ಸಿನಿಮಾಪ್ರಿಯರ ಕಣ್ಣಿಗೆ ಕಟ್ಟುವ ಮುಖ ಜಯಂತಿಯವರದು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದು ಪುಟ್ಟಣ್ಣ ಕಣಗಾಲ್ ಮಾಡಿದ ‘ನಾಗರಹಾವು’ (1972) ಚಿತ್ರದಲ್ಲಿ ಒಂದು ಹಾಡಿನಷ್ಟು ಹೊತ್ತು ಬಂದುಹೋಗುವ ಪಾತ್ರ ಅದು. ಒನಕೆ ಹಿಡಿದು ಹೈದರಾಲಿಯ ಸೈನಿಕರನ್ನು ಉರುಳಿಸಿದ ಆ ಹೆಂಗಸು ಇಂದಿಗೂ ದುರ್ಗದವರ ಹೆಮ್ಮೆ.

ಮರುವರ್ಷವೇ ಪುಟ್ಟಣ್ಣ ಅದೇ ಜಯಂತಿಯವರನ್ನು ಇನ್ನೊಂದು ಗುಡ್ಡ ಹತ್ತಿಸಿದರು. ಭಾರತೀಸುತರ ಕಾದಂಬರಿ ಆಧರಿಸಿದ ‘ಎಡಕಲ್ಲು ಗುಡ್ಡದ ಮೇಲೆ’ಯಲ್ಲಿ ಅವರು ಮಾಧವಿ. ಯುದ್ಧದಲ್ಲಿ ಗಾಯಗೊಂಡ ಗಂಡನಿಗೆ ದಾಂಪತ್ಯದ ಸುಖ ಕೊಡುವ ಶಕ್ತಿ ಉಳಿದಿಲ್ಲ. ಮಾಧವಿಯ ಆಸೆ ಬತ್ತಿಲ್ಲ. ತನಗಿಂತ ಚಿಕ್ಕವನಾದ ಯುವಕನ ಕಡೆಗೆ ಅದು ಹೊರಳುತ್ತದೆ. ಗೃಹಿಣಿಯೊಬ್ಬಳ ದೇಹದ ಹಸಿವನ್ನು ಕನ್ನಡ ಸಿನಿಮಾ ಇಷ್ಟು ನೇರವಾಗಿ, ಇಷ್ಟು ಮರುಕದಿಂದ ಕಂಡದ್ದು ಅಪರೂಪ.

ಅಮೆರಿಕದಲ್ಲಿ ಆ ಕಾಲಕ್ಕೆ ಇಂಥ ಕಥೆಗಳದೇ ಒಂದು ಸಂತೆ ನೆರೆದಿತ್ತು. ಕಡಿಮೆ ಖರ್ಚಿನಲ್ಲಿ ತೆಗೆದು, ‘ದೊಡ್ಡವರಿಗೆ ಮಾತ್ರ’ ಎಂದು ಬೋರ್ಡು ಹಾಕಿ ಮಾರುವ ಚಿತ್ರಗಳು. ಜೋ ಸಾರ್ನೋ 1964ರಲ್ಲಿ ಮಾಡಿದ ‘ಸಿನ್ ಇನ್ ದ ಸಬರ್ಬ್ಸ್’ ಬೇಸತ್ತ ಗೃಹಿಣಿಯರ ಕಥೆ. ಅಲ್ಲಿ ಮಾರಾಟದ ಸರಕು ಮೈ. ಪುಟ್ಟಣ್ಣನವರ ಕ್ಯಾಮೆರಾ ಹೆಚ್ಚಾಗಿ ಹುಡುಕಿದ್ದು ಜಯಂತಿಯವರ ಕಣ್ಣುಗಳನ್ನು.

ನಮ್ಮಲ್ಲೂ, ಕಾಮದ ಪ್ರಸ್ತಾಪವೆಲ್ಲ ಅಶ್ಲೀಲವಲ್ಲ ಎಂದು ಸುಪ್ರೀಂ ಕೋರ್ಟ್ ಚಿತ್ರನಿರ್ದೇಶಕ ಕೆ.ಎ. ಅಬ್ಬಾಸ್ ಪ್ರಕರಣದಲ್ಲಿ ಹೇಳಿದ್ದು 1970ರಲ್ಲಿ. ಸೆನ್ಸಾರ್ ಪದ್ಧತಿಯನ್ನು ಎತ್ತಿಹಿಡಿದ ತೀರ್ಪಿನಲ್ಲೇ ಈ ಮಾತೂ ಇತ್ತು.

ಮಾಧವಿಯ ಮನೆಯಲ್ಲಿ ಆದಂತೆ ದಾಂಪತ್ಯದ ಸುಖ ಕುಂದಲು ಯುದ್ಧವೇ ಆಗಬೇಕಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕುಡಿತ, ಖಿನ್ನತೆ, ಕೆಲವು ಮಾತ್ರೆಗಳು, ಮುಟ್ಟು ನಿಲ್ಲುವ ಹೊತ್ತಿನ ಏರುಪೇರು ಎಲ್ಲವೂ ನಡುವಯಸ್ಸಿನ ದಂಪತಿಗಳ ನಡುವೆ ಬರುತ್ತವೆ. ಆಸೆ ಕುಂದುವುದು ಬೇರೆ, ಆಸೆಯಿದ್ದೂ ಮೈ ಸಹಕರಿಸದಿರುವುದು ಬೇರೆ. ವೈದ್ಯರು ಮೊದಲು ಕೇಳಿ ತಿಳಿಯುವುದು ಇದನ್ನೇ. ಆದರೆ ಹಿರಿಯೂರಿನಲ್ಲಾಗಲಿ ಹೊಳಲ್ಕೆರೆಯಲ್ಲಾಗಲಿ, ಗಂಡಹೆಂಡತಿ ಜೊತೆಯಾಗಿ ಡಾಕ್ಟರ ಮುಂದೆ ಕೂತು ಈ ಮಾತು ಎತ್ತುವುದು ಸುಲಭವಲ್ಲ. ಗೋಡೆಗಂಟಿದ ‘ಗುಪ್ತರೋಗ’ದ ಜಾಹೀರಾತುಗಳ ವ್ಯಾಪಾರ ನಡೆಯುವುದು ಆ ಸಂಕೋಚದ ಮೇಲೆಯೇ.

ಮತ್ತೆ ಸಿನಿಮಾಕ್ಕೆ ಬಂದರೆ, ಮಾಧವಿಯ ಪಾತ್ರ ಜಯಂತಿಯವರಿಗೆ ಶ್ರೇಷ್ಠ ನಟಿಯ ರಾಜ್ಯ ಪ್ರಶಸ್ತಿ ತಂದಿತು. ಯುವಕನಾಗಿ ನಟಿಸಿದ ಚಂದ್ರಶೇಖರ್ ಅವರನ್ನು ಜನ 2018ರಲ್ಲಿ ಅವರು ತೀರಿಕೊಳ್ಳುವವರೆಗೂ ‘ಎಡಕಲ್ಲು ಗುಡ್ಡದ ಚಂದ್ರಶೇಖರ್’ ಎಂದೇ ಕರೆದರು.