ಕಾರು ರಾತ್ರಿ ಎಲ್ಲಿ ಮಲಗುತ್ತದೆ?

ಎಲೆಕ್ಟ್ರಿಕ್ ಕಾರು ಕೊಳ್ಳಲು ಹೊರಟವರು ಶೋರೂಮಿನಲ್ಲಿ ಕೇಳುವ ಮೊದಲ ಪ್ರಶ್ನೆ, ‘ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ದೂರ ಹೋಗುತ್ತೆ?’ ಎರಡನೆಯದು, ‘ಬ್ಯಾಟರಿ ಎಷ್ಟು ವರ್ಷ ಬಾಳುತ್ತೆ?’ ಕೇಳಬೇಕಾದ ಪ್ರಶ್ನೆಗಳೇ. ಆದರೆ ಇವಕ್ಕೆ ಕಾರು ಮಾರುವವರ ಬಳಿ ಸಿದ್ಧ ಉತ್ತರ ಇರುತ್ತದೆ. ಮಾರುವವರು ಉತ್ತರಿಸಲಾಗದ, ಕೊಳ್ಳುವವರಿಗೆ ಮಾತ್ರ ಗೊತ್ತಿರುವ ಪ್ರಶ್ನೆಗಳು ಬೇರೆ ಎರಡಿವೆ. ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ? ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ? ಲಾಭ ನಷ್ಟ, ಹೊಗೆ ಧೂಳು, ಬ್ಯಾಟರಿಯ ಆಯಸ್ಸು ಎಲ್ಲವೂ ಕೊನೆಗೆ ಈ ಎರಡು ಗೂಟಗಳ ಸುತ್ತಲೇ ತಿರುಗುತ್ತವೆ. ಕಾರಿನ ಬಣ್ಣ ಆರಿಸುವ ಮೊದಲು ಮನೆಯ ಮೀಟರ್ ಬೋರ್ಡ್ ನೋಡುವುದು ಜಾಣತನ ಎನ್ನುವುದಕ್ಕೆ ಕಾರಣಗಳಿವೆ.

ಮೊದಲು ಯಂತ್ರವನ್ನೇ ನೋಡೋಣ. ಒಂದು ಲೀಟರ್ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯನ್ನು ಕರೆಂಟ್ ಬಿಲ್ಲಿನ ಭಾಷೆಗೆ ತಂದರೆ ಸುಮಾರು 9 ಯೂನಿಟ್. 35 ಲೀಟರಿನ ಟ್ಯಾಂಕ್ ಭರ್ತಿ ಮಾಡಿಸಿದರೆ ಮುನ್ನೂರು ಯೂನಿಟ್‌ಗೂ ಹೆಚ್ಚು. ಒಂದು ಸಾಧಾರಣ ಸಂಸಾರ ಎರಡು ಮೂರು ತಿಂಗಳು ಬಳಸುವಷ್ಟು ಶಕ್ತಿಯನ್ನು ನಾವು ಬಂಕಿನಲ್ಲಿ ಮೂರು ನಿಮಿಷದಲ್ಲಿ ತುಂಬಿಸಿಕೊಂಡು ಬರುತ್ತೇವೆ. ಅದೇ ಗಾತ್ರದ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಹಿಡಿಯುವುದು ಮೂವತ್ತರಿಂದ ನಲವತ್ತೈದು ಯೂನಿಟ್ ಅಷ್ಟೇ. ಹೀಗಿದ್ದೂ, ತುಂಬಿದ ಟ್ಯಾಂಕಿನ ಪೆಟ್ರೋಲ್ ಕಾರು ಊರೊಳಗೆ 500 ಕಿ.ಮೀ. ಓಡುವಲ್ಲಿ, 40 ಯೂನಿಟ್ಟಿನ ಬ್ಯಾಟರಿಯ ಕಾರು 270ರಿಂದ 300 ಕಿ.ಮೀ. ಓಡಿಬಿಡುತ್ತದೆ. ಏಳೆಂಟು ಪಟ್ಟು ಶಕ್ತಿ ಹೊತ್ತವನು ಎರಡು ಪಟ್ಟು ದೂರವನ್ನೂ ಹೋಗಲಾರ! ಮಿಕ್ಕಿದ್ದೆಲ್ಲ ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಬಿಸಿಯಾಗಿ ಗಾಳಿಗೆ ಹೋಯಿತು. ಶಾಖದಿಂದ ಕೆಲಸ ಮಾಡುವ ಯಾವ ಎಂಜಿನ್ನೂ ತನಗೆ ಸಿಕ್ಕ ಶಾಖವನ್ನೆಲ್ಲ ಕೆಲಸವಾಗಿ ಬದಲಿಸಲಾರದು ಎಂದು ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲೇ ತೋರಿಸಿದ್ದ. ಇದು ಕಾರ್ಖಾನೆಯವರ ಸೋಮಾರಿತನವಲ್ಲ, ನಿಸರ್ಗದ ಕಟ್ಟಳೆ. ಅದರ ಮೇಲೆ ನಗರದ ಸಂಚಾರ: ಸಿಗ್ನಲಿನಲ್ಲಿ ನಿಂತಾಗಲೂ ಎಂಜಿನ್ ತಿರುಗುತ್ತಲೇ ಇರಬೇಕು. ಹಾಗಾಗಿ ಪೇಟೆಯಲ್ಲಿ ಪೆಟ್ರೋಲಿನ ಶಕ್ತಿಯ ಐದನೆಯ ಒಂದು ಪಾಲು ಚಕ್ರಕ್ಕೆ ತಲುಪಿದರೆ ಹೆಚ್ಚು. ಎಲೆಕ್ಟ್ರಿಕ್ ಮೋಟರಿಗೆ ಕಾರ್ನೋನ ಕಟ್ಟಳೆಯ ಹಂಗಿಲ್ಲ. ಸಿಕ್ಕಿದ್ದರಲ್ಲಿ ನೂರಕ್ಕೆ ಎಂಬತ್ತೈದು ತೊಂಬತ್ತನ್ನು ಅದು ತಿರುಗುವ ಬಲವಾಗಿಸುತ್ತದೆ.

ಬ್ರೇಕಿನ ಕಥೆ ಇದಕ್ಕಿಂತ ಸ್ವಾರಸ್ಯಕರ. ಒಂದೂವರೆ ಟನ್ ತೂಕದ ಕಾರು ಗಂಟೆಗೆ 36 ಕಿ.ಮೀ. ವೇಗದಲ್ಲಿರುವಾಗ ಅದರ ಚಲನಶಕ್ತಿ 75 ಕಿಲೋಜೂಲ್. ಬ್ರೇಕ್ ತುಳಿದು ನಿಲ್ಲಿಸಿದರೆ ಅದಿಷ್ಟೂ ಬ್ರೇಕ್ ಪ್ಯಾಡಿನ ಬಿಸಿ. ಹೀಗೆ ಐವತ್ತು ಸಲ ನಿಂತು ಹೊರಟರೆ ಒಂದು ಯೂನಿಟ್ ಸುಟ್ಟು ಹೋದಂತೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಐವತ್ತು ಸಲ ನಿಲ್ಲುವುದು ಎಷ್ಟು ಹೊತ್ತಿನ ಮಾತು? ಪೆಟ್ರೋಲ್ ಕಾರು ಚಕ್ರಕ್ಕೆ ಆ ಒಂದು ಯೂನಿಟ್ ಮುಟ್ಟಿಸಲು ಅರ್ಧ ಲೀಟರಿಗೂ ಹೆಚ್ಚು ಇಂಧನ ಸುಟ್ಟಿರುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಕಾಲು ತೆಗೆದ ಕೂಡಲೇ ಮೋಟರೇ ಡೈನಮೋ ಆಗುತ್ತದೆ. ಹಳೆಯ ಸೈಕಲ್ಲಿನ ಡೈನಮೋ ಟೈರಿಗೆ ತಾಗಿಸಿದಾಗ ಪೆಡಲ್ ಭಾರವಾಗುತ್ತಿತ್ತಲ್ಲ, ಆ ಭಾರವೇ ಇಲ್ಲಿ ಬ್ರೇಕು. ಹುಟ್ಟಿದ ವಿದ್ಯುತ್ತು ದೀಪಕ್ಕೆ ಹೋಗುವ ಬದಲು ಬ್ಯಾಟರಿಗೆ ಹೋಗುತ್ತದೆ. ಅರ್ಧಕ್ಕಿಂತ ಹೆಚ್ಚು ಶಕ್ತಿ ಹೀಗೆ ಮರಳಿ ಬರುತ್ತದೆ. ಆದ್ದರಿಂದಲೇ ಹೆದ್ದಾರಿಯಲ್ಲಿ ಮೈಲೇಜ್ ಹೆಚ್ಚು, ಪೇಟೆಯಲ್ಲಿ ಕಡಿಮೆ ಎಂಬ ನಮ್ಮ ಹಳೆಯ ಪಾಠ ಇಲ್ಲಿ ತಲೆಕೆಳಗು. ಹೆದ್ದಾರಿಯಲ್ಲಿ ವೇಗವನ್ನು 80ರಿಂದ 100ಕ್ಕೆ ಏರಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಮಿಗಿಲು, ಅಲ್ಲಿ ಮರಳಿ ಪಡೆಯಲು ಬ್ರೇಕೂ ಇಲ್ಲ. ಕುಂಟುತ್ತ ತೆವಳುವ ದಟ್ಟಣೆಯೇ ಈ ಯಂತ್ರದ ತವರು.

ಈಗ ಹಣದ ಲೆಕ್ಕ. ಗೋಡೆಯ ಪ್ಲಗ್ಗಿನಿಂದ ಅಳೆದರೆ, ಚಾರ್ಜಿಂಗಿನಲ್ಲಿ ಸೋರುವುದನ್ನೂ ಸೇರಿಸಿ, ನೂರು ಕಿಲೋಮೀಟರಿಗೆ 15 ಯೂನಿಟ್ ಎಂದು ಇಟ್ಟುಕೊಳ್ಳೋಣ. ಮನೆಯ ದರ ತೆರಿಗೆ, ಸರ್‌ಚಾರ್ಜ್ ಎಲ್ಲ ಸೇರಿ ಯೂನಿಟ್ಟಿಗೆ 7 ರೂಪಾಯಿ ಎಂದರೆ ಕಿಲೋಮೀಟರಿಗೆ ಒಂದು ರೂಪಾಯಿ ಚಿಲ್ಲರೆ. ಪೆಟ್ರೋಲ್ ನೂರು ರೂಪಾಯಿ ದಾಟಿರುವಾಗ, ಪೇಟೆಯಲ್ಲಿ ಲೀಟರಿಗೆ 14 ಕಿ.ಮೀ. ಕೊಡುವ ಕಾರಿಗೆ ಕಿಲೋಮೀಟರಿಗೆ ಏಳು ರೂಪಾಯಿ ಮೇಲಾಯಿತು. ಉಳಿತಾಯ ಆರು ರೂಪಾಯಿ. ಇನ್ನು ಕೊಳ್ಳುವ ಬೆಲೆಯ ಅಂತರ 3 ಲಕ್ಷ ಎಂದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಎಲೆಕ್ಟ್ರಿಕ್ ಕಾರಿನದು ಮೊದಲಿನಂತೆ ಶೇ. 5, ಅಂದರೆ ಎಲೆಕ್ಟ್ರಿಕ್ ಕಾರಿಗಿದ್ದ ತೆರಿಗೆಯ ಅನುಕೂಲ ತುಸು ಕರಗಿದೆ. ಮೂರು ಲಕ್ಷವನ್ನು ಆರರಿಂದ ಭಾಗಿಸಿದರೆ 50 ಸಾವಿರ ಕಿ.ಮೀ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವವರು ನಾಲ್ಕು ವರ್ಷ ಚಿಲ್ಲರೆಯಲ್ಲಿ ಈ ಗಡಿ ದಾಟುತ್ತಾರೆ. ತಿಂಗಳಿಗೆ ನಾನೂರು ಓಡಿಸುವವರಿಗೆ ಹತ್ತು ವರ್ಷ ಬೇಕು. ಬೇಕು ಎನ್ನುವುದೂ ಉದಾರದ ಮಾತೇ: ಅವರ ವರ್ಷದ ಉಳಿತಾಯ 28,800 ರೂಪಾಯಿ, ಆ ಹೆಚ್ಚುವರಿ ಮೂರು ಲಕ್ಷಕ್ಕೆ ಶೇ. 9ರ ಸಾಲದ ಬಡ್ಡಿಯೇ 27 ಸಾವಿರ. ಉಳಿಸಿದ್ದನ್ನು ಬಡ್ಡಿ ನೆಕ್ಕಿಬಿಡುತ್ತದೆ. ಆಯಿಲ್, ಫಿಲ್ಟರ್, ಕ್ಲಚ್ಚುಗಳ ಖರ್ಚಿಲ್ಲ ಎಂಬ ವಾದ ನಿಜ, ಆದರೆ ಕಡಿಮೆ ಓಡುವ ಪೆಟ್ರೋಲ್ ಕಾರಿಗೂ ಆ ಖರ್ಚು ಕಡಿಮೆಯೇ.

ಮೇಲಿನ ಲೆಕ್ಕದಲ್ಲಿ ಒಂದು ಷರತ್ತು ಸದ್ದಿಲ್ಲದೆ ಕೂತಿತ್ತು: ಕರೆಂಟು ಮನೆಯದು. ರಸ್ತೆ ಬದಿಯ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್ಟಿಗೆ ತೆರಿಗೆ ಸೇರಿ 20 ರೂಪಾಯಿಯ ಆಚೀಚೆ ಕೊಡಬೇಕಾಗುತ್ತದೆ. ಆಗ ಕಿಲೋಮೀಟರಿಗೆ ಮೂರು ರೂಪಾಯಿ. ಉಳಿತಾಯ ನಾಲ್ಕಕ್ಕೆ ಇಳಿದು, ಐವತ್ತು ಸಾವಿರದ ಗಡಿ ಎಪ್ಪತ್ತೈದು ಸಾವಿರಕ್ಕೆ ಜಿಗಿಯುತ್ತದೆ. ವಾರಕ್ಕೆರಡು ಸಲ ಚಾರ್ಜರ್ ಹುಡುಕಿ, ಮುಂದಿನ ಕಾರು ಕದಲುವವರೆಗೆ ಕಾಯುವ ಹೊತ್ತಿಗೆ ಬೆಲೆ ಕಟ್ಟುವುದು ನಿಮಗೇ ಬಿಟ್ಟದ್ದು. ಸ್ವಂತ ಪಾರ್ಕಿಂಗಿನಲ್ಲಿ 15 ಆಂಪಿಯರಿನ ಒಂದು ಸಾಕೆಟ್ ಇದ್ದರೆ ಪರಿಸ್ಥಿತಿಯೇ ಬೇರೆ. ಅದು ಗಂಟೆಗೆ ಮೂರು ಯೂನಿಟ್ಟಿನಷ್ಟು ಕೊಡುತ್ತದೆ, ಹೆಚ್ಚುಕಡಿಮೆ ಒಂದು ಗೀಸರಿನ ಲೋಡು. ದಿನಕ್ಕೆ 50 ಕಿ.ಮೀ. ಓಡುವ ಕಾರಿಗೆ ಬೇಕಾದ ಏಳೂವರೆ ಯೂನಿಟ್ ಎರಡೂವರೆ ತಾಸಿನಲ್ಲಿ ತುಂಬುತ್ತದೆ. ನಡುರಾತ್ರಿ ಒಂದು ತಾಸು ಕರೆಂಟ್ ಹೋದರೂ ಬೆಳಗ್ಗೆ ಕೊರತೆಯಿಲ್ಲ. ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್ಸುಗಳು ನಡೆಯುವುದು ಇದೇ ತರ್ಕದ ಮೇಲೆ. ಅವುಗಳ ದಾರಿ ಗೊತ್ತು, ದಿನದ ಓಟ ಗೊತ್ತು, ತಂಗುವ ಡಿಪೋ ಗೊತ್ತು. ಬಾಡಿಗೆ ಮನೆಯ ಮುಂದೆ ಬೀದಿಯಲ್ಲಿ ಕಾರು ನಿಲ್ಲಿಸಿ ಎರಡನೇ ಮಹಡಿಯಿಂದ ವೈರು ಇಳಿಬಿಡುವ ಯೋಚನೆ ಇದ್ದವರಿಗೆ ಒಂದೇ ಮಾತು: ಬೇಡ. ಅರ್ಥಿಂಗ್ ಸರಿಯಿಲ್ಲದ ಸಾಕೆಟ್ಟಿನಲ್ಲಿ ಎಷ್ಟೋ ಚಾರ್ಜರುಗಳು ಕೆಲಸವನ್ನೇ ಶುರು ಮಾಡುವುದಿಲ್ಲ, ಮಾಡದಿರುವುದೇ ಒಳ್ಳೆಯದು.

‘ಊರಿಗೆ ಹೋಗುವಾಗ ಏನು ಗತಿ?’ ಎಂಬ ಆಕ್ಷೇಪ ಹಗುರವಲ್ಲ. ಮಂಗಳೂರಿಗೂ ಬೆಂಗಳೂರಿಗೂ ಸುಮಾರು 350 ಕಿ.ಮೀ. ದೂರ, 900 ಮೀಟರ್ ಎತ್ತರದ ಅಂತರ. ಜನ, ಸಾಮಾನು ಸೇರಿ 1,800 ಕಿಲೋ ತೂಗುವ ಕಾರನ್ನು ಅಷ್ಟು ಮೇಲಕ್ಕೆ ಎತ್ತುವುದಕ್ಕೇ ನಾಲ್ಕೂವರೆ ಯೂನಿಟ್ ಬೇಕು; ಎಂದರೆ ಸಪಾಟು ರಸ್ತೆಯ ಮೂವತ್ತು ಕಿ.ಮೀ. ಓಟದಷ್ಟು. ಇಳಿಯುವಾಗ ಅದರಲ್ಲಿ ಬಹುಪಾಲು ಘಾಟಿಯೇ ಮರಳಿಸುತ್ತದೆ, ಬ್ರೇಕೂ ಕಾಯುವುದಿಲ್ಲ. ಹಾಗಾಗಿ ಹೋಗುವ ಲೆಕ್ಕ ಬೇರೆ, ಬರುವ ಲೆಕ್ಕ ಬೇರೆ. ಜಾಹೀರಾತಿನ ರೇಂಜಿನಲ್ಲಿ ಮುಕ್ಕಾಲು ಪಾಲು ಹೆದ್ದಾರಿಯಲ್ಲಿ ಸಿಕ್ಕರೆ ಪುಣ್ಯ, ಏಕೆಂದರೆ ಆ ಪರೀಕ್ಷೆ ನಡೆಯುವುದು ನಮ್ಮ ವೇಗದಲ್ಲೂ ಅಲ್ಲ, ನಮ್ಮ ರಸ್ತೆಯಲ್ಲೂ ಅಲ್ಲ. ದಾರಿಯಲ್ಲಿ ಒಮ್ಮೆ ಚಾರ್ಜಿಗೆ ನಿಲ್ಲಲೇಬೇಕು, ತುಂಬಿಸುವುದೂ ಶೇ. 80ರವರೆಗೆ ಮಾತ್ರ. ಮದುವೆ ಊಟದ ಪಂಕ್ತಿಯಲ್ಲಿ ಮೊದಲು ಬಂದವರು ಕಂಡ ಎಲೆಗೆ ಕೂತುಬಿಡುತ್ತಾರೆ, ಕೊನೆಗೆ ಬಂದವರು ಖಾಲಿ ಎಲೆ ಎಲ್ಲಿದೆ ಎಂದು ಸಾಲುಸಾಲು ಅಲೆಯುತ್ತಾರೆ. ಬ್ಯಾಟರಿಯೊಳಗಿನ ಗ್ರಾಫೈಟಿನ ಪದರಗಳಲ್ಲಿ ಜಾಗ ಹುಡುಕುವ ಲಿಥಿಯಂ ಅಯಾನುಗಳ ಪಾಡೂ ಅದೇ. ತುಂಬುತ್ತ ಬಂದಂತೆ ಒತ್ತಡ ಹೇರಿದರೆ ಅವು ಒಳಗೆ ಸೇರದೆ ಹೊರಗೇ ಲೋಹವಾಗಿ ಅಂಟಿಕೊಂಡು ಬ್ಯಾಟರಿಯನ್ನು ಕೆಡಿಸುತ್ತವೆ. ಆದ್ದರಿಂದ ಚಾರ್ಜರು ತಾನೇ ನಿಧಾನವಾಗುತ್ತದೆ. ವರ್ಷಕ್ಕೆ ನಾಲ್ಕು ಸಲ ಊರಿಗೆ ಹೋಗುವವರು ಇದಕ್ಕೆ ಹೊಂದಿಕೊಳ್ಳಬಹುದು. ವಾರವಾರ ಜಿಲ್ಲೆ ದಾಟುವ ಕಸುಬಿನವರಿಗೆ ಇದು ಇನ್ನೂ ಹೊಂದದು.

ಬ್ಯಾಟರಿಯ ಆಯಸ್ಸಿನ ಭಯ ಮಾತ್ರ ಅಗತ್ಯಕ್ಕಿಂತ ದೊಡ್ಡದಾಗಿದೆ. ಮೊಬೈಲ್ ಬ್ಯಾಟರಿ ಮೂರು ವರ್ಷಕ್ಕೆ ಸೊರಗುವುದನ್ನು ಕಂಡವರು ಕಾರಿನದ್ದೂ ಹಾಗೆಯೇ ಎಂದುಕೊಳ್ಳುತ್ತಾರೆ. ಆದರೆ ಈಗಿನ ಅನೇಕ ಕಾರುಗಳಲ್ಲಿರುವುದು ಲಿಥಿಯಂ ಐರನ್ ಫಾಸ್ಫೇಟ್. 1990ರ ದಶಕದಲ್ಲಿ ಟೆಕ್ಸಾಸಿನಲ್ಲಿ ಜಾನ್ ಗುಡಿನಫ್ ತಂಡ ಗುರುತಿಸಿದ ಈ ವಸ್ತು ಶಕ್ತಿಯನ್ನು ತುಸು ಕಡಿಮೆ ಹಿಡಿಯುತ್ತದೆ, ಆದರೆ ಬಿಸಿಗೆ ಸುಲಭವಾಗಿ ಒಡೆದು ಆಮ್ಲಜನಕ ಬಿಡುವುದಿಲ್ಲ. ಗುಡಿನಫ್‌ಗೆ 2019ರಲ್ಲಿ ನೊಬೆಲ್ ಬಂದಾಗ ವಯಸ್ಸು 97. ಬಾಳಿಕೆಯ ಬಗ್ಗೆ ಮಾತಾಡಲು ಅವರಿಗೆ ಹಕ್ಕಿತ್ತು. ಎರಡು ಸಾವಿರ ಸಲ ಪೂರ್ತಿ ತುಂಬಿ ಬರಿದು ಮಾಡಿದರೂ ತಾಳುವ ಬ್ಯಾಟರಿ, ಒಂದು ಸಲಕ್ಕೆ 250 ಕಿ.ಮೀ.ಯಂತೆ 5 ಲಕ್ಷ ಕಿ.ಮೀ. ಓಡಿಸುತ್ತದೆ. ಅಷ್ಟು ಓಡಿಸುವ ಸಂಸಾರ ಎಲ್ಲಿದೆ? ಕಂಪನಿಗಳು ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡುವುದು ಈ ಧೈರ್ಯದಿಂದಲೇ. ಬ್ಯಾಟರಿಗೆ ಓಟಕ್ಕಿಂತ ದೊಡ್ಡ ಶತ್ರು ಬಿಸಿಲು. ಬಳ್ಳಾರಿ, ಕಲಬುರಗಿಯ ಏಪ್ರಿಲ್ಲಿನಲ್ಲಿ ಪೂರ್ತಿ ತುಂಬಿದ ಕಾರನ್ನು ದಿನಗಟ್ಟಲೆ ಬಯಲಲ್ಲಿ ನಿಲ್ಲಿಸುವುದು ಒಳ್ಳೆಯದಲ್ಲ. ನೆರಳಿರುವ ಪಾರ್ಕಿಂಗ್ ಇದ್ದವರಿಗೆ ಇಲ್ಲೂ ಮೇಲುಗೈ.

ಇನ್ನು ‘ಕಲ್ಲಿದ್ದಲು ಸುಟ್ಟ ಕರೆಂಟಲ್ಲವೇ?’ ಎಂಬ ಕುಹಕ. ಕುಹಕವಾದರೂ ಅದರಲ್ಲಿ ಸತ್ಯವಿದೆ. ನಮ್ಮ ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ಟಿಗೆ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ತಂತಿಯಲ್ಲಿ ಸೋರುವುದೂ ಸೇರಿದರೆ ಎಲೆಕ್ಟ್ರಿಕ್ ಕಾರಿನ ಪಾಲು ಕಿಲೋಮೀಟರಿಗೆ 125 ಗ್ರಾಂ ಸುಮಾರು. ಲೀಟರಿಗೆ 2.3 ಕಿಲೋ ಉಗುಳುವ ಪೆಟ್ರೋಲಿನದು, ಸಂಸ್ಕರಣೆಯ ಹೊಗೆಯೂ ಸೇರಿ, 195 ಗ್ರಾಂ. ವ್ಯತ್ಯಾಸ ಎಪ್ಪತ್ತು ಗ್ರಾಂ ಅಷ್ಟೇ. ಅದರ ಮೇಲೆ 40 ಯೂನಿಟ್ಟಿನ ಬ್ಯಾಟರಿ ತಯಾರಾಗುವಾಗಲೇ ಮೂರು ಟನ್ನಿನ ಮೇಲೆ ಹೊಗೆ ಹೋಗಿರುತ್ತದೆ. ಆ ಸಾಲ ತೀರಲು ಎಷ್ಟು ಓಡಬೇಕು? ನಲವತ್ತೈದು, ಐವತ್ತು ಸಾವಿರ ಕಿ.ಮೀ.! ಹಣದ ಲೆಕ್ಕದಲ್ಲಿ ಬಂದ ಗಡಿಯೇ ಹೆಚ್ಚುಕಡಿಮೆ ಇಲ್ಲೂ ಬಂದು ನಿಂತಿರುವುದು ಕಾಕತಾಳೀಯ, ಆದರೆ ಉಪಯುಕ್ತ ಕಾಕತಾಳೀಯ. ಗ್ಯಾರೇಜಿನಲ್ಲಿ ಮಲಗಿರುವ ಎಲೆಕ್ಟ್ರಿಕ್ ಕಾರಿನಿಂದ ಜೇಬಿಗೂ ಉಪಕಾರವಿಲ್ಲ, ಆಕಾಶಕ್ಕೂ ಇಲ್ಲ. ಗ್ರಿಡ್ ಹಸಿರಾದಂತೆ ಈ ಗಡಿ ಹತ್ತಿರ ಬರುತ್ತದೆ ಎಂಬುದೂ ನಿಜ. ಶರಾವತಿಯ ನೀರು, ಚಿತ್ರದುರ್ಗ–ಗದಗದ ಗಾಳಿ, ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇರುವ ಕರ್ನಾಟಕಕ್ಕೆ ಈ ವಿಷಯದಲ್ಲಿ ಅನುಕೂಲ ಹೆಚ್ಚು. ಆದರೆ ಪಾವಗಡದ ಫಲಕಗಳು ರಾತ್ರಿ ಕೆಲಸ ಮಾಡವು. ಹಗಲು ಹೊತ್ತು ಆಫೀಸಿನ ಆವರಣದಲ್ಲಿ ಪ್ಲಗ್ ಸಿಗುವವರು ಈ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ.

ಕಾಯುವುದು ಲೇಸೇ? 2001ರಲ್ಲಿ ಬೆಂಗಳೂರಿನಿಂದಲೇ ಹೊರಬಂದ ರೇವಾ ಕಾರನ್ನು ನೆನೆಯಿರಿ. ಚೇತನ್ ಮೈನಿ ಅವರ ಆ ಪುಟ್ಟ ಕಾರು ಸೀಸ–ಆಮ್ಲದ ಬ್ಯಾಟರಿ ಹೊತ್ತು, ಒಮ್ಮೆ ಚಾರ್ಜ್ ಮಾಡಿದರೆ 80 ಕಿ.ಮೀ. ಓಡುತ್ತಿತ್ತು. ಕಾರಿನ ಕಲ್ಪನೆ ಸರಿಯಿತ್ತು, ರಸಾಯನಶಾಸ್ತ್ರ ತಯಾರಿರಲಿಲ್ಲ. 2010ರಲ್ಲಿ ಒಂದು ಯೂನಿಟ್ ಹಿಡಿಸುವ ಲಿಥಿಯಂ ಬ್ಯಾಟರಿಗೆ ಸಾವಿರ ಡಾಲರಿಗೂ ಹೆಚ್ಚಿದ್ದ ಜಾಗತಿಕ ಸರಾಸರಿ ಬೆಲೆ 2024ರಲ್ಲಿ 115ಕ್ಕೆ ಬಂತು. ಇನ್ನೂ ಇಳಿಯಬಹುದು, ಇಳಿದಂತೆಲ್ಲ ಇಂದು ಕೊಂಡ ಕಾರಿನ ಮರುಮಾರಾಟದ ಬೆಲೆಯೂ ಕುಸಿಯುತ್ತದೆ. ಆದ್ದರಿಂದ ತಿಂಗಳಿಗೆ ಐನೂರು ಕಿ.ಮೀ. ಒಳಗೆ ಓಡಿಸುವವರು ಕಾಯುವುದೇ ಸರಿ, ಇರುವ ಕಾರು ಚೆನ್ನಾಗಿದ್ದರೆ ಅದನ್ನೇ ಇನ್ನೈದು ವರ್ಷ ಓಡಿಸಲಿ. ಸಾವಿರ ದಾಟಿಸುವವರು, ಅದೂ ಪೇಟೆಯ ದಟ್ಟಣೆಯಲ್ಲಿ, ಸ್ವಂತ ಜಾಗದಲ್ಲಿ ಪ್ಲಗ್ ಇರುವವರು, ಕಾದಷ್ಟು ದಿನವೂ ತಿಂಗಳಿಗೆ ಆರು ಸಾವಿರ ರೂಪಾಯಿ ಪೆಟ್ರೋಲಿಗೆ ಹೆಚ್ಚು ತೆರುತ್ತಾರೆ. ಅವರು ಕೊಳ್ಳಲಿ. ಶೋರೂಮಿಗೆ ಹೋಗುವ ಮೊದಲು ಹಳೆಯ ಕಾರಿನ ಎರಡು ಸರ್ವಿಸ್ ರಸೀದಿ ತೆಗೆದು ನಡುವಿನ ಕಿಲೋಮೀಟರ್ ಎಷ್ಟೆಂದು ನೋಡಿ. ಆಮೇಲೆ ಕರೆಂಟ್ ಬಿಲ್ಲು ತೆಗೆಯಿರಿ: ನಿಮ್ಮ ಮನೆಗೆ ಎಷ್ಟು ಕಿಲೋವಾಟ್ ಲೋಡ್ ಮಂಜೂರಾಗಿದೆ ಎಂಬುದು ಅದರಲ್ಲೇ ಮುದ್ರಿತವಾಗಿರುತ್ತದೆ.