ಬಾರ್ಕೂರಿನ ಅಳಿವೆಯಿಂದ ಕಂಡ ಸುಲ್ತಾನರ ಏಳುಬೀಳು

ಮಧ್ಯಯುಗದ ಇಸ್ಲಾಮಿ ರಾಜ್ಯಗಳ ಚರಿತ್ರೆಯನ್ನು ಬಗ್ದಾದು, ಕೈರೋ, ದೆಹಲಿ, ಬೀದರು, ವಿಜಯಪುರಗಳ ಅರಮನೆಗಳಲ್ಲಿ ನಿಂತು ಹೇಳುವುದೇ ವಾಡಿಕೆಯಾಗಿದ್ದು, ಪಟ್ಟಕ್ಕೆ ಬಂದವರು, ಪಟ್ಟ ಕಳೆದುಕೊಂಡವರು, ನಡುವೆ ನಡೆದ ಕಾಳಗಗಳು ಎಂಬಷ್ಟರಲ್ಲೇ ಆ ಕಥೆ ಮುಗಿದುಹೋಗುತ್ತದೆ. ಇಂದಿನ ಉಡುಪಿ ಜಿಲ್ಲೆಯ ಕರಾವಳಿ ಮಧ್ಯಯುಗದಲ್ಲಿ ಈ ಯಾವ ಅರಮನೆಯ ನೇರ ಆಳ್ವಿಕೆಗೂ ಒಳಪಟ್ಟಿರಲಿಲ್ಲ. ಆದರೂ ಬಾರ್ಕೂರು, ಬಸ್ರೂರು ಬಂದರುಗಳ ಲಾಭನಷ್ಟ ಆ ದೂರದ ಸಿಂಹಾಸನಗಳ ಗತಿಯೊಡನೆ ತಳುಕು ಹಾಕಿಕೊಂಡಿತ್ತು. ದಂಡು ಕಟ್ಟಿದ ರಾಜ್ಯಕ್ಕೂ ವ್ಯಾಪಾರ ಕಟ್ಟಿದ ನಂಟಿಗೂ ಆಯುಷ್ಯದಲ್ಲಿ ಎಷ್ಟು ಅಂತರವಿದೆ ಎಂಬುದು ರಾಜಧಾನಿಗಳಿಗಿಂತ ಇಲ್ಲಿಂದಲೇ ಸ್ಪಷ್ಟವಾಗಿ ಕಾಣುತ್ತದೆ.

ಪ್ರವಾದಿಯ ಉತ್ತರಾಧಿಕಾರಿಯೆಂದು ಮುಸ್ಲಿಂ ಸಮುದಾಯದ ನಾಯಕತ್ವ ವಹಿಸುವವನಿಗೆ ಖಲೀಫ ಎಂದು ಹೆಸರು. 750ರಲ್ಲಿ ಈ ಪದವಿಗೇರಿದ ಅಬ್ಬಾಸಿ ವಂಶದವರು 762ರಲ್ಲಿ ಟೈಗ್ರಿಸ್ ನದಿಯ ದಡದಲ್ಲಿ ಬಗ್ದಾದ್ ನಗರಕ್ಕೆ ಅಡಿಗಲ್ಲು ಹಾಕಿದರು. ಕಾಲಕ್ರಮದಲ್ಲಿ ಅವರು ತಮ್ಮ ರಕ್ಷಣೆಗೆಂದು ತುರ್ಕಿ ಮೂಲದ ಗುಲಾಮ ಸೈನಿಕರನ್ನು ಕೊಂಡು ತಂದು ಸಾಕಿದರು. ಸಾಕಿದ ಸೈನಿಕರೇ ಮುಂದೆ ಖಲೀಫರನ್ನು ಕೂರಿಸುವ, ಇಳಿಸುವ ಯಜಮಾನರಾದರು. ಪ್ರಾಂತಗಳು ಒಂದೊಂದಾಗಿ ಕಳಚಿಕೊಂಡವು. 969ರಲ್ಲಿ ಈಜಿಪ್ಟನ್ನು ಗೆದ್ದ ಫಾತಿಮಿ ವಂಶ ಕೈರೋ ನಗರವನ್ನು ಕಟ್ಟಿಸಿದಾಗ, ಪರ್ಷಿಯಾ ಕೊಲ್ಲಿಯ ಮೂಲಕ ಬಗ್ದಾದಿಗೆ ಹರಿಯುತ್ತಿದ್ದ ಹಿಂದೂಸ್ಥಾನದ ಸರಕಿನ ದೊಡ್ಡ ಪಾಲು ಕೆಂಪು ಸಮುದ್ರದ ಕಡೆಗೆ ತಿರುಗಿತು.

ಹಾಗೆ ತಿರುಗಿದ ದಾರಿಯಲ್ಲಿ ಬಂದವರಲ್ಲಿ ಒಬ್ಬನು ಅಬ್ರಹಾಂ ಬೆನ್ ಯಿಜು. ಟ್ಯುನೀಷಿಯಾ ಮೂಲದ ಈ ಯಹೂದಿ ವರ್ತಕ 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿ, ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆಯೊಂದನ್ನು ನಡೆಸಿ, ಸುಮಾರು ಹದಿನೇಳು ವರ್ಷಗಳ ಬಳಿಕ ಏಡನ್ನಿಗೆ ಮರಳಿದ. ಅವನ ಪತ್ರಗಳು ಹಳೆಯ ಕೈರೋದ ಯಹೂದಿ ಪ್ರಾರ್ಥನಾ ಮಂದಿರದ ಕಾಗದದ ಕೋಣೆಯಲ್ಲಿ ಉಳಿದುಕೊಂಡಿದ್ದರಿಂದ, ಅವನ ಪರವಾಗಿ ಏಡನ್ನಿನವರೆಗೂ ಹೋಗಿ ವ್ಯವಹಾರ ನಡೆಸುತ್ತಿದ್ದ ಬೊಮ್ಮ ಎಂಬ ಸೇವಕನ ಹೆಸರೂ ಲೋಕಕ್ಕೆ ತಿಳಿಯಿತು. 1171ರಲ್ಲಿ ಸಲಾವುದ್ದೀನ್ ಫಾತಿಮಿ ವಂಶಕ್ಕೆ ಕೊನೆ ಹಾಡಿದ. 1258ರಲ್ಲಿ ಮಂಗೋಲರ ಹುಲಾಗು ಬಗ್ದಾದನ್ನು ಸೂರೆಗೈದು ಖಲೀಫನನ್ನು ಕೊಲ್ಲಿಸಿದ. ಅರಬ್ ಹಡಗುಗಳು ಮಾತ್ರ ಪ್ರತಿ ಮಳೆಗಾಲ ಕಳೆದ ಮೇಲೆ ತುಳುನಾಡಿನ ಬಂದರುಗಳಿಗೆ ಬರುತ್ತಲೇ ಇದ್ದವು.

ಉತ್ತರದಲ್ಲಿ 1206ರಲ್ಲಿ ತಲೆಯೆತ್ತಿದ ದೆಹಲಿಯ ಸುಲ್ತಾನರ ರಾಜ್ಯ ನಿಂತದ್ದು ‘ಇಕ್ತಾ’ ಎಂಬ ವ್ಯವಸ್ಥೆಯ ಮೇಲೆ. ಅಂದರೆ ಸರದಾರನಿಗೆ ಸಂಬಳದ ಬದಲು ಒಂದು ಸೀಮೆಯ ಕಂದಾಯವನ್ನು ವಹಿಸಿಕೊಟ್ಟು, ಅದರಲ್ಲಿ ಅವನು ಇಂತಿಷ್ಟು ಕುದುರೆ ಸವಾರರನ್ನು ಸಾಕಬೇಕೆಂದು ಕಟ್ಟುಮಾಡುವುದು. ರಾಜಧಾನಿ ಬಲವಾಗಿರುವವರೆಗೆ ಇದು ಚೆನ್ನಾಗಿಯೇ ನಡೆಯುತ್ತಿತ್ತು. ದೂರದ ಸೀಮೆಯ ಸರದಾರನಿಗೆ ಕಂದಾಯವೂ ಕುದುರೆಯೂ ತನ್ನ ಕೈಯಲ್ಲೇ ಇವೆಯೆಂಬ ಅರಿವು ಮೂಡಿದ ದಿನ ಅವನೇ ಸುಲ್ತಾನನಾಗುತ್ತಿದ್ದ. 1311ರಲ್ಲಿ ಮಲಿಕ್ ಕಾಫೂರ್ ದ್ವಾರಸಮುದ್ರದವರೆಗೆ ದಂಡೆತ್ತಿ ಬಂದ ಮೇಲೆ ಹೊಯ್ಸಳ ಮೂರನೆಯ ವೀರಬಲ್ಲಾಳ ನೆಲೆ ತಪ್ಪಿ, ಹೊಸ ಆಸರೆಗಳನ್ನು ಹುಡುಕತೊಡಗಿದ. 1333ರ ಸುಮಾರಿಗೆ ಅವನ ಸೈನ್ಯ ಘಟ್ಟ ಇಳಿದು ಬಾರ್ಕೂರಿನಲ್ಲಿ ಬೀಡುಬಿಟ್ಟಿತು. ತುಳುನಾಡಿನ ಹಳೆಯ ಅರಸು ಮನೆತನವಾದ ಆಳುಪರ ಚಿಕ್ಕಾಯಿ ತಾಯಿ ಅವನ ರಾಣಿಯಾದಳು. ದೆಹಲಿಯ ದಂಡು ಬಾರ್ಕೂರಿನ ಸೀತಾನದಿಯನ್ನು ಎಂದೂ ಕಾಣದಿದ್ದರೂ ಅದರ ಏಟು ಈ ಬಗೆಯಲ್ಲಿ ಆ ಊರಿಗೂ ತಟ್ಟಿತು.

ಆ ಬಾರ್ಕೂರನ್ನು ಕಣ್ಣಾರೆ ಕಂಡು ಬರೆದವನು ಮೊರಾಕೋದ ಇಬ್ನ್ ಬತೂತ. ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕನ ಬಳಿ ಖಾಜಿ, ಅಂದರೆ ಧರ್ಮಶಾಸ್ತ್ರದ ಪ್ರಕಾರ ನ್ಯಾಯ ಹೇಳುವ ಅಧಿಕಾರಿಯಾಗಿದ್ದ ಅವನು, ಚೀನಾಕ್ಕೆ ಸುಲ್ತಾನನ ರಾಯಭಾರಿಯಾಗಿ 1342ರಲ್ಲಿ ಹೊರಟು, ಗೋವಾ, ಹೊನ್ನಾವರ, ಬಸ್ರೂರುಗಳನ್ನು ದಾಟಿ ‘ಫಾಕನೂರ್’ ಎಂದು ತಾನು ಕರೆದ ಬಾರ್ಕೂರಿಗೆ ಬಂದ. ಅಳಿವೆಯ ದಡದ ದೊಡ್ಡ ಊರು, ಬೇರೆಲ್ಲೂ ಸಿಗದಂಥ ಕಬ್ಬು, ಊರಿನಲ್ಲಿ ಒಂದು ಮುಸ್ಲಿಂ ಸಮುದಾಯ, ಅದರ ಮುಖಂಡನೊಬ್ಬ, ಶುಕ್ರವಾರದ ನಮಾಜಿಗೆ ಅವನು ಕಟ್ಟಿಸಿದ ಮಸೀದಿ, ಒಬ್ಬ ಖಾಜಿ, ಒಬ್ಬ ಪ್ರವಚನಕಾರ. ಇವೆಲ್ಲವನ್ನೂ ಅವನು ದಾಖಲಿಸಿದ್ದಾನೆ. ಅರಸನು ಮುಸ್ಲಿಮನಲ್ಲ, ಅವನ ಹೆಸರನ್ನು ಇಬ್ನ್ ಬತೂತ ಬರೆದ ರೀತಿ ವಾಸುದೇವ ಎಂಬುದಕ್ಕೆ ಹತ್ತಿರವಾಗಿದೆ. ಅವನಲ್ಲಿ ಸುಮಾರು ಮೂವತ್ತು ಯುದ್ಧದ ಹಡಗುಗಳಿದ್ದವು. ಅವುಗಳ ದಂಡನಾಯಕನಾಗಿದ್ದವನು ಲೂಲಾ ಎಂಬ ಮುಸ್ಲಿಮ. ಈ ಲೂಲಾ ವರ್ತಕರನ್ನು ದೋಚುವ ಕಡಲುಗಳ್ಳನೆಂದು ಹೇಳಲು ಪ್ರವಾಸಿಗೆ ಸಂಕೋಚವೇನೂ ಇಲ್ಲ.

ರಾಯಭಾರಿಯ ಹಡಗು ಲಂಗರು ಹಾಕಿದಾಗ ಅರಸನು ತನ್ನ ಮಗನನ್ನೇ ಒತ್ತೆಯಾಗಿ ಹಡಗಿಗೆ ಕಳುಹಿಸಿಕೊಟ್ಟು, ಅತಿಥಿಗಳನ್ನು ದಡಕ್ಕೆ ಕರೆಸಿಕೊಂಡು ಮೂರು ರಾತ್ರಿ ಉಪಚರಿಸಿದ. ಇದರಲ್ಲಿ ದೆಹಲಿಯ ಸುಲ್ತಾನನ ಮೇಲಿನ ಗೌರವ ಎಷ್ಟಿತ್ತೋ, ಅವನ ಹಡಗಿನವರೊಡನೆ ವ್ಯಾಪಾರ ಮಾಡುವ ಆಸೆಯೂ ಅಷ್ಟೇ ಇತ್ತು. ಆ ಕರಾವಳಿಯ ಕಟ್ಟಳೆಯನ್ನೂ ಇಬ್ನ್ ಬತೂತ ವಿವರಿಸುತ್ತಾನೆ: ಹಾದುಹೋಗುವ ಪ್ರತಿ ಹಡಗೂ ಬಂದರಿನಲ್ಲಿ ನಿಂತು ಅರಸನಿಗೆ ಕಾಣಿಕೆ ಸಲ್ಲಿಸಬೇಕು, ಇದಕ್ಕೆ ‘ಬಂದರಿನ ಹಕ್ಕು’ ಎಂದು ಹೆಸರು, ತಪ್ಪಿಸಿಕೊಂಡು ಹೋಗುವ ಹಡಗನ್ನು ಅರಸನ ಹಡಗುಗಳು ಬೆನ್ನಟ್ಟಿ, ಎಳೆತಂದು, ಇಮ್ಮಡಿ ಸುಂಕ ವಸೂಲು ಮಾಡುತ್ತವೆ. ಹಿಂದೂ ಅರಸ, ಮುಸ್ಲಿಂ ನೌಕಾಧಿಪತಿ, ಧರ್ಮದ ಗೊಡವೆಯಿಲ್ಲದ ಸುಂಕ. ಒಂದು ಬಂದರು ಹೇಗೆ ನಡೆಯುತ್ತಿತ್ತೆಂಬುದಕ್ಕೆ ಇದಕ್ಕಿಂತ ಚೊಕ್ಕವಾದ ಚಿತ್ರ ಸಿಗುವುದು ಕಷ್ಟ. ಹೊನ್ನಾವರದಲ್ಲಿಯಂತೂ ಇದು ತಿರುವುಮುರುವಾಗಿತ್ತು: ಅಲ್ಲಿ ಆಳುತ್ತಿದ್ದವನು ಜಮಾಲುದ್ದೀನ್ ಎಂಬ ಸುಲ್ತಾನ, ಅವನ ಮೇಲಿನ ಅಧಿಪತಿ ಹರಿಹರನೆಂಬ ಹಿಂದೂ ಅರಸ. ಅಲ್ಲಿ ಹೆಣ್ಣುಮಕ್ಕಳಿಗಾಗಿ ಹದಿಮೂರು ಶಾಲೆಗಳಿದ್ದವೆಂದು ಇಬ್ನ್ ಬತೂತ ಅಚ್ಚರಿಯಿಂದ ಬರೆಯುತ್ತಾನೆ.

ಬಾರ್ಕೂರಿನವರು ಇಷ್ಟೊಂದು ಮನ್ನಣೆ ಕೊಟ್ಟ ದೆಹಲಿಯ ಸುಲ್ತಾನನ ರಾಜ್ಯ ಅಷ್ಟರಲ್ಲಿ ಅಂಚುಗಳಿಂದ ಹರಿಯತೊಡಗಿತ್ತು. ರಾಜಧಾನಿಯನ್ನು ದೌಲತಾಬಾದಿಗೆ ಕೊಂಡೊಯ್ದ ಪ್ರಯೋಗ ಕೆಟ್ಟಿತ್ತು. 1335ರಲ್ಲಿ ಮಧುರೆಯ ಅಧಿಕಾರಿ ತಾನೇ ಸುಲ್ತಾನನೆಂದು ಸಾರಿಕೊಂಡಿದ್ದ. 1336ರಲ್ಲಿ ವಿಜಯನಗರ ಹುಟ್ಟಿತ್ತು. 1347ರಲ್ಲಿ ದಕ್ಷಿಣದ ಸರದಾರರು ದಂಗೆಯೆದ್ದು ಅಲಾವುದ್ದೀನ್ ಹಸನನನ್ನು ಪಟ್ಟಕ್ಕೇರಿಸಲು ಬಹಮನಿ ರಾಜ್ಯವೂ ಹುಟ್ಟಿತು, ಕಲಬುರಗಿ ಅದರ ರಾಜಧಾನಿಯಾಯಿತು. ಬಾರ್ಕೂರು ವಿಜಯನಗರದ ಒಂದು ಪ್ರಾಂತದ ಕೇಂದ್ರವಾಗಿ, ಅದರ ದೊರೆಗಳು ನೇಮಿಸಿದ ಅಧಿಕಾರಿಗಳ ಆಡಳಿತಕ್ಕೆ ಬಂತು.

ಇಲ್ಲಿಂದ ಮುಂದೆ ಕರಾವಳಿಯ ಚರಿತ್ರೆಯನ್ನು ನಡೆಸಿದ್ದು ಕುದುರೆ. ದಖ್ಖನಿನ ಹವೆಯಲ್ಲಿ ಒಳ್ಳೆಯ ಯುದ್ಧದ ಕುದುರೆಗಳ ತಳಿ ನಿಲ್ಲುತ್ತಿರಲಿಲ್ಲವಾದ್ದರಿಂದ ವಿಜಯನಗರವೂ ಬಹಮನಿಯೂ ಅರೇಬಿಯಾ ಮತ್ತು ಹೋರ್ಮುಜಿನಿಂದ ಹಡಗಿನಲ್ಲಿ ಬರುವ ಕುದುರೆಗಳನ್ನೇ ನಂಬಿದ್ದವು; ಅವನ್ನು ತರುವವರು ಮುಸ್ಲಿಂ ವರ್ತಕರು, ಇಳಿಸುವುದು ಭಟ್ಕಳ, ಹೊನ್ನಾವರ, ಗೋವಾದಂಥ ಬಂದರುಗಳಲ್ಲಿ, ಹಿಂದಕ್ಕೆ ಒಯ್ಯುವುದು ಅಕ್ಕಿ, ಮೆಣಸು, ಶುಂಠಿ. ಘಟ್ಟದ ತಪ್ಪಲಿನ ಕಾರ್ಕಳದಲ್ಲಿ ಹಿರಿಯಂಗಡಿಯ ಜೈನ ವರ್ತಕರಿಗೂ ಅವರನ್ನಾಳಿದ ಭೈರರಸರಿಗೂ ಐಶ್ವರ್ಯ ತಂದುಕೊಟ್ಟ ಕಾಲ ಇದೇ. 1432ರಲ್ಲಿ ವೀರಪಾಂಡ್ಯ ಭೈರರಸ ಬಂಡೆಯ ಮೇಲೆ ಗೊಮ್ಮಟನನ್ನು ನಿಲ್ಲಿಸಿದ ಆಸುಪಾಸಿನಲ್ಲೇ ಬಹಮನಿಯ ಅಹಮದ್ ಶಾಹ ರಾಜಧಾನಿಯನ್ನು ಬೀದರಿಗೆ ಸಾಗಿಸಿ ಹೊಸ ಅರಮನೆಗಳನ್ನು ಕಟ್ಟಿಸುತ್ತಿದ್ದ. ಮುಂದಿನ ದಶಕದಲ್ಲಿ ಹೆರಾತಿನ ತೈಮೂರಿ ದೊರೆ ಶಾರುಖನ ರಾಯಭಾರಿ ಅಬ್ದುರ್ ರಜಾಕ್ ಮಂಗಳೂರಿನ ಮೂಲಕ ಘಟ್ಟ ಹತ್ತಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಹೋದವನು, ಹಿಂದಿರುಗುವಾಗ ಇಳಿದು ಬಂದದ್ದು ಬಾರ್ಕೂರಿಗೆ.

ಕುದುರೆ ಯಾರಿಗೆ ಎಂಬ ಪ್ರಶ್ನೆ ರಕ್ತಪಾತಕ್ಕೂ ಕಾರಣವಾಯಿತು. ಬಹಮನಿಗಳಿಗೆ ಕುದುರೆ ಮಾರಿದರೆಂಬ ಸಿಟ್ಟಿನಿಂದ 1469ರಲ್ಲಿ ವಿಜಯನಗರದ ದೊರೆಯ ಅಪ್ಪಣೆಯಂತೆ ಭಟ್ಕಳದ ಮುಸ್ಲಿಂ ವರ್ತಕರ ಕೊಲೆ ನಡೆಯಿತೆಂದೂ, ಉಳಿದವರು ಗೋವಾಕ್ಕೆ ಓಡಿದರೆಂದೂ ಪೋರ್ಚುಗೀಸ್ ಚರಿತ್ರೆಕಾರರು ಬರೆದಿದ್ದಾರೆ. ಮೂರು ವರ್ಷಗಳೊಳಗೆ ಬಹಮನಿಯ ಪ್ರಧಾನಿ ಮಹಮೂದ್ ಗವಾನ್ ಗೋವಾವನ್ನೇ ಗೆದ್ದುಕೊಂಡ. ಕರಾವಳಿಯ ಸೌಹಾರ್ದವನ್ನು ಹೊಗಳುವವರು ಈ ಪುಟವನ್ನು ಹಾರಿಸಿಬಿಡುವುದುಂಟು, ಹಾರಿಸಬಾರದು. ಬಂದರಿನ ಸಹಬಾಳ್ವೆ ಲಾಭದ ಲೆಕ್ಕದ ಮೇಲೂ ನಿಂತಿದ್ದು, ಲೆಕ್ಕ ತಪ್ಪಿದಲ್ಲಿ ಅದೂ ತಪ್ಪುತ್ತಿತ್ತು.

ಗವಾನನ ಕೊನೆ ಬಹಮನಿಯ ಕೊನೆಯೂ ಆಯಿತು. ಆ ಆಸ್ಥಾನದಲ್ಲಿ ಎರಡು ಬಣಗಳಿದ್ದವು: ತಲೆಮಾರುಗಳಿಂದ ನೆಲೆಸಿದ್ದ ‘ದಖ್ಖನಿಗಳು’ ಮತ್ತು ಪರ್ಷಿಯಾ ಕಡೆಯಿಂದ ಹೊಸದಾಗಿ ಬಂದ ‘ಅಫಾಕಿಗಳು’. ಪರ್ಷಿಯಾ ಮೂಲದವನಾದ ಗವಾನನ ಮೇಲೆ ಎದುರಾಳಿಗಳು ಖೊಟ್ಟಿ ಪತ್ರವೊಂದನ್ನು ಸೃಷ್ಟಿಸಿ ದೂರು ಕೊಡಲು, ಸುಲ್ತಾನನು 1481ರಲ್ಲಿ ಅವನ ತಲೆ ತೆಗೆಸಿದ. ರಾಜ್ಯ ಐದು ಹೋಳಾಯಿತು. ವಿಜಯಪುರದ ಆದಿಲ್ ಶಾಹಿ ಅವುಗಳಲ್ಲೊಂದು. ಇಬ್ನ್ ಬತೂತನ ಕಿರಿಯ ಸಮಕಾಲೀನನಾದ ಇಬ್ನ್ ಖಲ್ದೂನ್ 1377ರಲ್ಲೇ ಇಂಥ ಪತನಕ್ಕೊಂದು ಸೂತ್ರ ಬರೆದಿಟ್ಟಿದ್ದ: ಕಷ್ಟದ ನೆಲದಿಂದ ಬಂದವರ ಒಳಒಗ್ಗಟ್ಟು ರಾಜ್ಯವನ್ನು ಗೆಲ್ಲುತ್ತದೆ, ನಗರದ ಸುಖ ಆ ಒಗ್ಗಟ್ಟನ್ನು ಕರಗಿಸುತ್ತದೆ, ಮೂರು ತಲೆಮಾರು, ಅಂದರೆ ಸುಮಾರು 120 ವರ್ಷಗಳಲ್ಲಿ ವಂಶ ಸವೆದುಹೋಗುತ್ತದೆ. ಬಹಮನಿ ಹುಟ್ಟಿದ್ದರಿಂದ ಗವಾನನ ವಧೆಯವರೆಗೆ 134 ವರ್ಷ. ಸೂತ್ರ ಸರಿಹೊಂದುವಂತೆಯೇ ಕಾಣುತ್ತದೆ. ಆದರೆ 1490ರಲ್ಲಿ ಹುಟ್ಟಿ 1686ರವರೆಗೆ ಬಾಳಿದ ಆದಿಲ್ ಶಾಹಿಗೆ ಅದು ಹೊಂದುವುದಿಲ್ಲ. ಆ ರಾಜ್ಯವನ್ನು ಕೊನೆಗಾಣಿಸಿದ್ದು ಒಳಗಿನ ಸುಖಕ್ಕಿಂತ ಹೆಚ್ಚಾಗಿ ಔರಂಗಜೇಬನ ಮೊಘಲ್ ಸೈನ್ಯ.

ಬಂದರುಗಳಿಗೆ ಕುತ್ತು ಬಂದದ್ದು ಕಡಲಿನಿಂದಲೇ. 1510ರಲ್ಲಿ ಆದಿಲ್ ಶಾಹಿಗಳಿಂದ ಗೋವಾವನ್ನು ಕಿತ್ತುಕೊಂಡ ಪೋರ್ಚುಗೀಸರು, ತಮ್ಮ ರಹದಾರಿ ಪತ್ರವಿಲ್ಲದೆ ಯಾವ ಹಡಗೂ ಈ ಕಡಲಲ್ಲಿ ಸಾಗಕೂಡದೆಂದು ವಿಧಿಸಿ, ತೋಪಿನ ಬಲದಿಂದ ಅದನ್ನು ನಡೆಸಿದರು. ಒಂದು ಬಂದರಿನೆದುರು ಮಾತ್ರ ವಸೂಲಾಗುತ್ತಿದ್ದ ‘ಹಕ್ಕು’ ಈಗ ಇಡೀ ಅರಬ್ಬೀ ಸಮುದ್ರಕ್ಕೆ ಹಬ್ಬಿತು. ಲೂಲಾನ ಮೂವತ್ತು ಹಡಗುಗಳು ಸಣ್ಣ ಮಟ್ಟದಲ್ಲಿ ಮಾಡಿದ್ದನ್ನೇ ಅವರು ಸಾಮ್ರಾಜ್ಯದ ಮಟ್ಟದಲ್ಲಿ ಮಾಡಿದರೆಂದರೆ ತಪ್ಪಾಗದು. 1569ರಲ್ಲಿ ಬಸ್ರೂರು ಅವರ ಕೈಸೇರಿತು.

ಹಾಗಿದ್ದೂ ಹಳೆಯ ನಂಟಿನ ಗುರುತು ಅಳಿಯಲಿಲ್ಲ. ಇಸ್ಲಾಮಿನ ಸುನ್ನಿ ಪಂಥದಲ್ಲಿ ಆಚರಣೆ ಮತ್ತು ನ್ಯಾಯವನ್ನು ನಿರ್ಣಯಿಸುವ ನಾಲ್ಕು ಶಾಸ್ತ್ರ ಪರಂಪರೆಗಳಿವೆ. ದೆಹಲಿಯ ತುರ್ಕಿ ಅರಸರೊಡನೆ ನೆಲದ ದಾರಿಯಲ್ಲಿ ಬಂದದ್ದು ಹನಫಿ ಪರಂಪರೆ. ಆದ್ದರಿಂದ ಘಟ್ಟದ ಮೇಲಿನ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು. ಉಡುಪಿ, ಕಾಪು, ಕಾರ್ಕಳಗಳ ಬ್ಯಾರಿಗಳೂ ಭಟ್ಕಳದ ನವಾಯತರೂ ಅರಬ್ ವರ್ತಕರೊಡನೆ ಕಡಲ ದಾರಿಯಲ್ಲಿ ಬಂದ ಶಾಫಿ ಪರಂಪರೆಯವರು. ಮೊಗವೀರರು ನಂಬುವ ಬೊಬ್ಬರ್ಯ ದೈವವು ಪಾಡ್ದನದ ಪ್ರಕಾರ ಮುಸ್ಲಿಂ ವ್ಯಾಪಾರಿಯೊಬ್ಬನ ಮಗ. ಕಾಪುವಿನಿಂದ ತೆಂಕಣಕ್ಕೆ ಶಾಂಭವಿ ಹೊಳೆ ದಾಟಿದರೆ ಸಿಗುವ ಬಪ್ಪನಾಡು ದೇವಸ್ಥಾನದ ಐತಿಹ್ಯದಲ್ಲಿ ಬಪ್ಪ ಬ್ಯಾರಿ ಎಂಬ ಹಡಗಿನ ವರ್ತಕನೇ ಮುಖ್ಯ ಪಾತ್ರ. ಐತಿಹ್ಯಗಳು ಚರಿತ್ರೆಯಲ್ಲ ನಿಜ, ಆದರೆ ಯಾವ ಸುಲ್ತಾನನಿಗೂ ಇಲ್ಲಿನ ಐತಿಹ್ಯದಲ್ಲಿ ಇಂಥ ಜಾಗ ಸಿಕ್ಕಿಲ್ಲ.

ಉಡುಪಿಯ ಕರಾವಳಿ ಮುಸ್ಲಿಂ ಅರಸನೊಬ್ಬನ ನೇರ ಆಳ್ವಿಕೆಗೆ ಬಂದದ್ದು ಮಧ್ಯಯುಗ ಮುಗಿದ ಎಷ್ಟೋ ಕಾಲದ ಮೇಲೆ, 1763ರಲ್ಲಿ ಮೈಸೂರಿನ ಹೈದರಾಲಿ ಕೆಳದಿ ನಾಯಕರ ರಾಜಧಾನಿಯಾಗಿದ್ದ ಬಿದನೂರನ್ನು ಗೆದ್ದು ಅವರ ಕರಾವಳಿಯ ಸೀಮೆಗಳನ್ನೆಲ್ಲ ವಶಪಡಿಸಿಕೊಂಡಾಗ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಅವನ ಮಗ ಟಿಪ್ಪು ಮಡಿದ ಮೇಲೆ ಈ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೆನರಾ ಜಿಲ್ಲೆಗೆ ಸೇರಿತು. ಆ ತಂದೆ ಮಗನ ಆಳ್ವಿಕೆ ಇಲ್ಲಿ ನಡೆದದ್ದು ಒಟ್ಟು ಮೂವತ್ತಾರು ವರ್ಷ.