ಕ್ರೀಡಾಸಂಘಗಳ ಹೆಸರೂ ಒಡೆತನವೂ

ಸಂಘದ ಹೆಸರು ಊರಿನದಾಗಿದ್ದರೆ ಒಡೆತನವೂ ಊರಿನದೇ ಆಗಿರುವುದೇ ಎಂಬುದು ವಿಚಾರಾರ್ಹವಾಗಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯ ಜಾತ್ರೆಗಳಲ್ಲಿ ಊರವರು ವಂತಿಗೆಯೆತ್ತಿ ಕುಸ್ತಿಯನ್ನು ನಡೆಯಿಸುವುದುಂಟು. ಪೈಲವಾನನು ಬಹುಮಾನವನ್ನು ಒಯ್ದರೂ ಕಣವು ಊರಿನದಾಗಿಯೇ ಉಳಿಯುವುದು.

ಆಂಗ್ಲದೇಶದ ಕಾಲ್ಚೆಂಡಿನ ಸಂಘಗಳ ಮೂಲವೂ ಇಂತಹುದೇ. 1878ರಲ್ಲಿ ರೈಲ್ವೆಯ ಕೆಲಸಗಾರರು ಕಟ್ಟಿದ ಸಂಘವೇ ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್ ಆಯಿತು. 2005ರಲ್ಲಿ ಅಮೆರಿಕದ ಗ್ಲೇಜರ್ ಮನೆತನವು ಅದನ್ನು ಕೊಂಡು, ಕೊಳ್ಳುವುದಕ್ಕೆ ಮಾಡಿದ ಸಾಲದ ಬಹುಭಾಗವನ್ನು ಆ ಸಂಘದ ಮೇಲೆಯೇ ಹೊರಿಸಿತು.

ನಮ್ಮ ನಾಡಿನ ನಿದರ್ಶನವು ಕ್ರಿಕೆಟ್ಟಿನದು. ‘ರಾಯಲ್ ಚಾಲೆಂಜರ್ಸ್ ಬ್ಯಾಂಗಳೂರ್’ ಎಂಬುದನ್ನು ಬಿಡಿಸಿ ನೋಡಿದರೆ, ಮೊದಲೆರಡು ಪದಗಳು ಒಂದು ಮದ್ಯದ ಹೆಸರಿನಿಂದ ಬಂದವು, ಕಡೆಯದೊಂದೇ ಊರಿನದು. 2008ರಲ್ಲಿ ವಿಜಯ ಮಲ್ಯರ ಉದ್ಯಮವು ಈ ತಂಡವನ್ನು 11.16 ಕೋಟಿ ಡಾಲರುಗಳಿಗೆ ಕೊಂಡಿತು. 2014ರಲ್ಲಿ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯ ಅರ್ಧಕ್ಕೆ ಮಿಕ್ಕ ಪಾಲು ಲಂಡನ್ನಿನ ಡಿಯಾಜಿಯೊ ಸಂಸ್ಥೆಯ ವಶವಾಗಲು, ತಂಡವೂ ಅದರೊಡನೆ ಪರಹಸ್ತವಾಯಿತು. 2024ರಲ್ಲಿ ‘ಬ್ಯಾಂಗಳೂರ್’ ಎಂಬುದು ‘ಬೆಂಗಳೂರು’ ಎಂದು ತಿದ್ದಲ್ಪಟ್ಟಿತು. ತಿದ್ದುಪಡಿಯು ಯುಕ್ತವೇ, ಆದರೆ ಅದನ್ನು ಮಾಡಿದವನು ಒಡೆಯನು, ಊರಲ್ಲ.

ಜರ್ಮನಿಯಲ್ಲಿ ಸಂಘದ ಮತಾಧಿಕ್ಯವು ಸದಸ್ಯರ ಕೈಯಲ್ಲಿಯೇ ಇರತಕ್ಕದ್ದೆಂದು, ಕೆಲವು ವಿನಾಯಿತಿಗಳೊಡನೆ, ನಿಯಮವುಂಟು. ಧನವು ತ್ಯಾಜ್ಯವೆಂದು ನಮ್ಮ ಅಭಿಪ್ರಾಯವಲ್ಲ. ಆದರೆ ಊರಿನ ಹೆಸರನ್ನು ಧರಿಸಿದ ಸಂಘದಲ್ಲಿ ಊರಿಗೂ ಒಂದು ಮಾತಿರುವುದು ನ್ಯಾಯವು.